ಲೈವ್ ಅಂದರೆ ಯಾವ ಲೈವ್?



ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಬೈದರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದನ್ನ ನಾಳೆ ನೋಡೋಣ. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡೋಣ. ದಿನಕ್ಕೆ ನೂರು ಸಲ ನಾನು ಹೇಳುವ, ನೀವು ಕೇಳುವ ಪದ. ಟಿವಿ ಪರದೆಯ ಮೂಲೆಯಲ್ಲಿ ಕೆಂಪು ಬಣ್ಣ ಬಳಿದುಕೊಂಡು ಕೂತಿರುವ ಪದ. ಲೈವ್.

ಎಲ್, ಐ, ವಿ, ಇ. ನಾಲ್ಕೇ ಅಕ್ಷರ. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದವರಿಗೂ ಈ ಪದ ಗೊತ್ತು. ಮೊಮ್ಮಗ ಮೊಬೈಲ್ ಎತ್ತಿ ಹಿಡಿದು "ಆಯಿ, ಲೈವ್ ಬಂದೀನಿ, ಕೈ ಮಾಡು" ಅಂದ್ರೆ ಅಜ್ಜಿ ಸೆರಗು ಸರಿ ಮಾಡಿಕೊಂಡು ಕೈ ಬೀಸ್ತಾಳೆ. ಅಷ್ಟು ನಮ್ಮದಾಗಿ ಹೋಗಿದೆ. ಆದರೆ ನಮ್ಮ ಸುದ್ದಿಮನೆಯಲ್ಲಿ ಈ ಒಂದು ಪದಕ್ಕೆ ಒಂದಲ್ಲ, ಎರಡಲ್ಲ, ಆರು ಅರ್ಥ. ಒಂದು ಅರ್ಥದ ಬೆನ್ನ ಹಿಂದೆ ಇನ್ನೊಂದು ಅರ್ಥ ಅಡಗಿ ಕೂತುಬಿಡುತ್ತೆ. ಹಾಗೆ ಅಡಗಿದಾಗ ನಷ್ಟ ಯಾರಿಗೆ ಅನ್ನೋದೇ ಇವತ್ತಿನ ಮಾತು.

ನಿಘಂಟು ತೆರೆದುಕೊಂಡು ಹೇಳಬಹುದಿತ್ತು. ಬೇಡ. ವಿಜಯಪುರ ಜಿಲ್ಲೆಯ ನಾಲ್ಕು ಊರು ಇಟ್ಟುಕೊಂಡು ಹೇಳ್ತೀನಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಯಾಕೆ ಈ ನಾಲ್ಕೇ? ಬೆಂಗಳೂರಿನ ಪರದೆ ಮೇಲೆ ಈ ಊರುಗಳು ಬರೋದು ಅಪರೂಪ. ಬಂದರೆ ಬಹುತೇಕ ಲೈವ್ ಆಗಿಯೇ ಬರ್ತವೆ. ಲೈವ್ ಮುಗಿದ ಮೇಲೆ ಮತ್ತೆ ಕಾಣೋದಿಲ್ಲ.

ಮೊದಲ ಅರ್ಥ ಸುಲಭ. ನೇರ ಪ್ರಸಾರ. ಅಲ್ಲಿ ಆಗ್ತಿರೋದು ಆಗಲೇ ಇಲ್ಲಿ ಕಾಣೋದು. ಆಕಾಶವಾಣಿಯವರು ದಸರಾ ಮೆರವಣಿಗೆಯ ವೀಕ್ಷಕ ವಿವರಣೆ ಕೊಡುವಾಗ "ನೇರ ಪ್ರಸಾರ" ಅಂತಲೇ ಹೇಳ್ತಿದ್ದರು. ಸ್ವಚ್ಛವಾದ ಪದ. 24 ಗಂಟೆಯ ಖಾಸಗಿ ಸುದ್ದಿವಾಹಿನಿಗಳು ಬಂದವು, ತಲೆ ಮೇಲೆ ತಟ್ಟೆ ಹೊತ್ತ ಓಬಿ ವ್ಯಾನ್ ಬಂತು. ಅದು ಹಳ್ಳಿಗೆ ಬಂದರೆ ಮಕ್ಕಳೆಲ್ಲ ಸುತ್ತ ಸೇರೋರು. ಈಗ ವ್ಯಾನೂ ಬೇಕಿಲ್ಲ. ಬೆನ್ನಿಗೆ ಹಾಕುವ ಒಂದು ಚೀಲ, ಅದರೊಳಗೆ ನಾಲ್ಕಾರು ಸಿಮ್. ಟವರ್ ಸಿಕ್ಕಿದರೆ ಸಾಕು, ಭೀಮಾ ನದಿಯ ದಂಡೆಯಿಂದಲೂ ಲೈವ್.

ಪದ ಒಂದೇ ಆದರೂ ಈ ನೇರದೊಳಗೇ ಎಷ್ಟು ಬಗೆ ನೋಡಿ. ಪ್ರೊಡ್ಯೂಸರ್ ನನ್ನ ಕಿವಿಯಲ್ಲಿ "ಲೈವ್ ತಗೊಳ್ತಿದೀವಿ" ಅಂದ್ರೆ ಹೊರಗಿನ ದೃಶ್ಯ ಪರದೆಗೆ ಬರ್ತಿದೆ ಅಂತ. ಡೆಸ್ಕಿನವರು ವರದಿಗಾರನಿಗೆ "ಲೈವ್ ಕೊಡು" ಅಂದ್ರೆ ಮೈಕ್ ಹಿಡಿದು ನಿಂತು ಮಾತಾಡು ಅಂತ. "ಡಿಫರ್ಡ್ ಲೈವ್" ಅಂದ್ರೆ ಆಗಲೇ ಆಗಿ ಮುಗಿದದ್ದನ್ನ ಸ್ವಲ್ಪ ಹೊತ್ತಿನ ಮೇಲೆ ಹಾಗೆ ಹಾಗೇ ಹಾಕೋದು. ಸಂಜೆ ನಾಲ್ಕಕ್ಕೆ ರೆಕಾರ್ಡ್ ಮಾಡಿದ ಚರ್ಚೆ ರಾತ್ರಿ ಒಂಬತ್ತಕ್ಕೆ ಬರುವಾಗಲೂ, ಮಾತಿನ ಧಾಟಿ ಲೈವಿನದೇ.

ಇನ್ನೊಂದು ಇದೆ, ಅದನ್ನ ನೀವು ಗಮನಿಸಬೇಕು. ವರದಿಗಾರನ ಮಾತು ಲೈವ್. ಪಕ್ಕದ ಕಿಟಕಿಯಲ್ಲಿ ಓಡುತ್ತಿರುವ ದೃಶ್ಯ ಬೆಳಿಗ್ಗೆಯದು. ಎರಡಕ್ಕೂ ಸೇರಿ ಮೇಲೆ ಒಂದೇ ಕೆಂಪು ಪಟ್ಟಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಭಾಗದ ದಂಡೆಯ ಊರುಗಳಿಗೆ ನೀರು ನುಗ್ಗಿತಲ್ಲ, ಅಂಥ ದಿನವನ್ನ ಯೋಚಿಸಿ. ಸೊಲ್ಲಾಪುರಕ್ಕೋ ಪುಣೆಗೋ ದುಡಿಯೋಕೆ ಹೋದ ಮಗ ಅಲ್ಲಿ ಕೂತು ಟಿವಿ ನೋಡ್ತಿರ್ತಾನೆ. ಊರಲ್ಲಿ ನೀರು ಇಳಿದಿರುತ್ತೆ, ಪರದೆಯಲ್ಲಿ ಏರುತ್ತಲೇ ಇರುತ್ತೆ. ಮನೆಗೆ ಫೋನ್ ಹಚ್ಚಿದರೆ ಹತ್ತೋದಿಲ್ಲ. ಅವನ ಎದೆ ಏನಾಗಬೇಕು? ಬೆಳಿಗ್ಗೆಯ ದೃಶ್ಯ ಅಂತ ಕೆಳಗೆ ಸಣ್ಣಗೆ ಒಂದು ಸಾಲು ಹಾಕಿದ್ದರೆ ಆತ ಅಷ್ಟು ಹೊತ್ತು ಒದ್ದಾಡ್ತಿರಲಿಲ್ಲ.

ಇದು ಮೊದಲ ಅರ್ಥದ ಕಥೆ. ಎರಡನೇ ಅರ್ಥ ಇದಕ್ಕಿಂತ ದೊಡ್ಡದು. ಜೀವಂತ.

2024ರ ಏಪ್ರಿಲ್ 3. ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮ. ಸಿದ್ಧಲಿಂಗ ಮಹಾರಾಜರ ಮಠದಿಂದ ಆ ಭಾಗದಲ್ಲಿ ಹೆಸರಾದ ಊರು. ಸಂಜೆ ಹೊತ್ತಿಗೆ ಹೊಲದಲ್ಲಿ ಆಡುತ್ತಿದ್ದ 14 ತಿಂಗಳ ಗಂಡು ಕೂಸು ಕೊಳವೆಬಾವಿಗೆ ಬಿತ್ತು. ಸುಮಾರು 16 ಅಡಿ ಆಳದಲ್ಲಿ, ತಲೆಕೆಳಗಾಗಿ ಸಿಕ್ಕಿಕೊಂಡಿತು. ಪೊಲೀಸರು, ಅಗ್ನಿಶಾಮಕ ದಳ, ರಾಜ್ಯದ ವಿಪತ್ತು ಪಡೆ, ರಾಷ್ಟ್ರೀಯ ವಿಪತ್ತು ಪಡೆ, ಎಲ್ಲರೂ ಬಂದರು. ಕೊಳವೆಯೊಳಗೆ ಆಮ್ಲಜನಕದ ಪೈಪ್ ಬಿಟ್ಟರು. ಪಕ್ಕದಲ್ಲಿ ಜೆಸಿಬಿಯಿಂದ ಸಮಾನಾಂತರವಾಗಿ ಗುಂಡಿ ತೋಡಿದರು. ಕಲ್ಲು ಅಡ್ಡ ಬಂತು. ಆಮೇಲೆ ಕೈಯಿಂದ, ಸಣ್ಣ ಯಂತ್ರದಿಂದ, ಕೂಸಿಗೆ ಅದುರದ ಹಾಗೆ ಅಡ್ಡ ಕೊರೆದರು. ರಾತ್ರಿಯಿಡೀ ನಡೀತು. ಮರುದಿನ ಮಧ್ಯಾಹ್ನ, ಸುಮಾರು 20 ಗಂಟೆ ಆದ ಮೇಲೆ, ಕೂಸು ಜೀವಂತ ಹೊರಗೆ ಬಂತು.

ಆ 20 ಗಂಟೆ ಕನ್ನಡದ ಚಾನೆಲ್‌ಗಳು ಇಂಡಿಯಿಂದ ಅಲ್ಲಾಡಲಿಲ್ಲ. ಅವತ್ತು ಪರದೆ ಮೇಲೆ ಇದ್ದದ್ದು ಎರಡು ಲೈವ್. ಒಂದು ನಮ್ಮದು, ಗುಂಡಿಯ ಸುತ್ತ ನಿಂತ ಕ್ಯಾಮೆರಾಗಳದ್ದು. ಇನ್ನೊಂದು ರಕ್ಷಣಾ ಪಡೆಯವರು ಕೊಳವೆಯೊಳಗೆ ಇಳಿಬಿಟ್ಟ ಪುಟ್ಟ ಕ್ಯಾಮೆರಾದ್ದು. ಅದರಲ್ಲಿ ಕಂಡದ್ದು ಮಸುಕು ಮಸುಕಾದ ಎರಡು ಸಣ್ಣ ಕಾಲು. ಆ ಕಾಲು ಅಲುಗಿತು. ಅಷ್ಟೇ. ಇಡೀ ರಾಜ್ಯ ಉಸಿರು ಬಿಟ್ಟಿತು. ಇಂಡಿ ಕಡೆಯವರು ಆಗ ಕೇಳೋದು "ಲೈವ್ ಅದ ಏನ್ರಿ" ಅಂತಲ್ಲ. "ಕೂಸು ಜೀವಂತ ಐತೇನ್ರಿ?" ಇಷ್ಟೇ ಪ್ರಶ್ನೆ.

ಈಗ ನಾನು ನಿಮ್ಮ ಮುಂದೆ ಒಂದು ಕಷ್ಟದ ಪ್ರಶ್ನೆ ಇಡ್ತೀನಿ. ಆವತ್ತು ನೀವು ಟಿವಿ ಮುಂದೆ ಕೂತದ್ದು ಯಾವ ಲೈವ್‌ಗೆ? ನಾವು ಅಲ್ಲಿ ನಿಂತದ್ದು ಯಾವ ಲೈವ್‌ಗೆ? ಕೂಸು ಬದುಕಲಿ ಅಂತಲೇ ಎಲ್ಲರೂ ಕಾದದ್ದು, ಅದರಲ್ಲಿ ಅನುಮಾನ ಇಲ್ಲ. ಮನೆ ಮನೆಯಲ್ಲಿ ದೇವರಿಗೆ ದೀಪ ಹಚ್ಚಿದ್ದೀರಿ. ಆದರೆ ಇದೇ ವಿಜಯಪುರ ಜಿಲ್ಲೆಯ ನಾಗಠಾಣದಲ್ಲಿ 2014ರ ಜೂನ್‌ನಲ್ಲಿ ನಾಲ್ಕು ವರ್ಷದ ಹೆಣ್ಣುಮಗು ಹೀಗೇ ಕೊಳವೆಬಾವಿಗೆ ಬಿದ್ದಿತ್ತು. ಬದುಕಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ. ಬದುಕಲಿಲ್ಲ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ. ಬದುಕಲಿಲ್ಲ. ಆ ಮೂರೂ ಕಡೆ ಚಾನೆಲ್‌ಗಳು ಇದ್ದವು. ನೇರ ಪ್ರಸಾರ ನಡೆದಿತ್ತು. ಮೊದಲ ಅರ್ಥದ ಲೈವ್ ಇತ್ತು. ಎರಡನೆಯದು ಉಳಿಯಲಿಲ್ಲ.

ಇದು ನಮ್ಮ ದೇಶದ್ದಷ್ಟೇ ಕಥೆ ಅಂದ್ಕೋಬೇಡಿ. 1987ರ ಅಕ್ಟೋಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಮಿಡ್‌ಲ್ಯಾಂಡ್‌ನಲ್ಲಿ 18 ತಿಂಗಳ ಹೆಣ್ಣುಮಗು ಹಳೇ ಬಾವಿಯ ಕೊಳವೆಗೆ ಬಿತ್ತು. 58 ಗಂಟೆ ಕಾರ್ಯಾಚರಣೆ. ಸಿಎನ್‌ಎನ್ ಅದನ್ನ ಬಿಡದೆ ತೋರಿಸಿತು, ಜಗತ್ತು ನೋಡಿತು. ಮಗು ಬದುಕಿತು. ನಮ್ಮಲ್ಲಿ 2006ರ ಜುಲೈನಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಹಲ್ದಾಹೇಡಿ ಎಂಬ ಹಳ್ಳಿಯಲ್ಲಿ ಪುಟ್ಟ ಹುಡುಗ ಬಿದ್ದಾಗ ಸೇನೆ ಬಂತು, ಹಿಂದಿ ಚಾನೆಲ್‌ಗಳು ಎರಡು ದಿನ ಅಲ್ಲೇ ಬೀಡುಬಿಟ್ಟವು. ಆ ಹುಡುಗನೂ ಬದುಕಿದ. ನಾಲ್ಕು ವರ್ಷದ ಮೇಲೆ, 2010ರಲ್ಲಿ, "ಪೀಪ್ಲಿ ಲೈವ್" ಅಂತ ಒಂದು ಹಿಂದಿ ಸಿನಿಮಾ ಬಂತು. ಸಾಲಗಾರ ರೈತ ಸಾಯ್ತೀನಿ ಅಂತಾನೆ, ಚಾನೆಲ್‌ಗಳು ಮುತ್ತಿಕೊಳ್ತವೆ. ಸಿನಿಮಾದ ಹೆಸರಲ್ಲೇ ಎರಡೂ ಅರ್ಥ ಇದೆ ನೋಡಿ. ಆತ ಜೀವಂತ ಇರೋದು ಮುಖ್ಯವೋ, ಆತ ನೇರ ಪ್ರಸಾರದಲ್ಲಿ ಇರೋದು ಮುಖ್ಯವೋ?

ಕ್ಯಾಮೆರಾ ಇದ್ದರೆ ತಪ್ಪು ಅಂತ ನಾನು ಹೇಳೋದಿಲ್ಲ. ಕ್ಯಾಮೆರಾ ಇದ್ದರೆ ಅಧಿಕಾರಿಗಳು ಓಡಿ ಬರ್ತಾರೆ, ಯಂತ್ರ ಬೇಗ ಬರುತ್ತೆ, ಮಂತ್ರಿಗಳ ಫೋನ್ ಬರುತ್ತೆ. ಇದು ಸತ್ಯ. ಆದರೆ ನೇರ ಪ್ರಸಾರ ತಾನಾಗಿ ಯಾರ ಜೀವವನ್ನೂ ಉಳಿಸೋದಿಲ್ಲ. ಕೆಲವು ಸಲ ತೆಗೆಯುವ ಅಪಾಯವೂ ಇದೆ.

ಅದೇ ಮೂರನೇ ಅರ್ಥ. ಅಪಾಯದ ಲೈವ್.

2008ರ ನವೆಂಬರ್ 26, ಮುಂಬೈ ದಾಳಿ. ಕಮಾಂಡೊಗಳು ಎಲ್ಲಿ ಇಳಿದರು, ಯಾವ ಕಡೆಯಿಂದ ಒಳಗೆ ಹೊಕ್ಕರು ಅನ್ನೋದೆಲ್ಲ ಲೈವ್ ಹೋಯ್ತು. ದಾಳಿಕೋರರಿಗೆ ಗಡಿಯಾಚೆ ಕೂತು ಫೋನಿನಲ್ಲಿ ನಿರ್ದೇಶನ ಕೊಡ್ತಿದ್ದವರೂ ಅದೇ ಟಿವಿ ನೋಡ್ತಿದ್ದರು. 2012ರ ಆಗಸ್ಟ್‌ನಲ್ಲಿ ಕಸಬ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಈ ಪ್ರಸಾರವನ್ನ ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿ ಬಂತು. ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆಯನ್ನು ಲೈವ್ ತೋರಿಸುವ ಹಾಗಿಲ್ಲ, ಗೊತ್ತುಮಾಡಿದ ಅಧಿಕಾರಿ ಆಗಾಗ ಕೊಡುವ ಮಾಹಿತಿಯಷ್ಟೇ ಹೇಳಬೇಕು.

ಈ ಮೂರನೇ ಅರ್ಥ ಹಳ್ಳಿಯ ಸುದ್ದಿಯಲ್ಲೂ ಇದೆ. ಇಂಗ್ಲಿಷಿನಲ್ಲಿ "ಲೈವ್ ವೈರ್" ಅಂತಾರೆ. ಕರೆಂಟ್ ಹರಿಯುತ್ತಿರುವ ತಂತಿ. ಅವಸರದ ಅನುವಾದದಲ್ಲಿ ಅದು "ಜೀವಂತ ತಂತಿ" ಆಗಿಬಿಟ್ಟರೆ? ಹೊಲದಲ್ಲಿ ರಾತ್ರಿ ಮೋಟಾರ್ ಚಾಲು ಮಾಡೋಕೆ ಹೋದ ರೈತನ ಜೀವ ತೆಗೆಯುವ ತಂತಿಗೆ ಜೀವಂತ ಅಂತ ಹೆಸರು! ಸಿಂದಗಿಯ ಹೊಲದಲ್ಲಿ ಹೀಗೆ ಯಾರೂ ಅನ್ನಲ್ಲ. "ತಂತಿ ಚಾಲೂ ಐತಿ, ಮುಟ್ಟಬ್ಯಾಡ" ಅಂತಾರೆ. ಎಷ್ಟು ಸರಿಯಾದ ಮಾತು!

"ಜೀವಂತ ಗುಂಡು" ಅನ್ನೋದಂತೂ ನಿಮಗೆಲ್ಲ ಗೊತ್ತು. ನಾಡ ಪಿಸ್ತೂಲು ಒಂದು, ಜೀವಂತ ಗುಂಡು ಎರಡು ವಶ. ಇಂಡಿ, ಸಿಂದಗಿ ಕಡೆಯ ಭೀಮಾತೀರ ಅಂದ ಕೂಡಲೇ ನಮ್ಮ ಕ್ರೈಂ ಸುದ್ದಿಗಳಿಗೆ ನೆನಪಾಗೋದು ಇದೇ ಸಾಲು. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ನಿಂಬೆ ಅಭಿವೃದ್ಧಿ ಮಂಡಳಿಯೇ ಇಂಡಿಯಲ್ಲಿದೆ. ಜೀವಂತ ಗಿಡ, ಜೀವಂತ ಮನುಷ್ಯರು ಸಾಕಷ್ಟಿದ್ದಾರೆ ಅಲ್ಲಿ. ನಮ್ಮ ಸುದ್ದಿಯಲ್ಲಿ ಮಾತ್ರ ಜೀವಂತವಾಗಿರೋದು ಗುಂಡು!

ನಾಲ್ಕನೇ ಅರ್ಥಕ್ಕೆ ಬಸವನ ಬಾಗೇವಾಡಿಗೆ ಬನ್ನಿ. ಈಗ ನಿಡಗುಂದಿ ಬೇರೆ ತಾಲ್ಲೂಕಾಗಿದೆ, ಆದರೆ ಬಹಳ ಕಾಲ ಆಲಮಟ್ಟಿ ಬಾಗೇವಾಡಿ ತಾಲ್ಲೂಕಿನದೇ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು. ಅವರ ಹೆಸರನ್ನೇ ಜಲಾಶಯಕ್ಕೆ ಇಟ್ಟಿದ್ದಾರೆ. 26 ಗೇಟು. ಮಳೆಗಾಲದಲ್ಲಿ ಗೇಟು ತೆರೆದರೆ ನಾವು ಲೈವ್ ಹೋಗ್ತೀವಿ. ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಕ್ಯೂಸೆಕ್. ನೋಡೋಕೂ ಚೆಂದ.

ಆದರೆ ಅಣೆಕಟ್ಟಿನ ಎಂಜಿನಿಯರ್‌ಗೆ ಲೈವ್ ಅಂದರೆ ಬೇರೆಯೇ. ಅವರ ಲೆಕ್ಕದಲ್ಲಿ "ಲೈವ್ ಸ್ಟೋರೇಜ್" ಅಂತ ಒಂದು, "ಡೆಡ್ ಸ್ಟೋರೇಜ್" ಅಂತ ಒಂದು. ಕಾಲುವೆಗೆ ಬಿಡಲು ಬರುವ ನೀರು ಲೈವ್. ತೂಬಿಗಿಂತ ಕೆಳಗೆ, ಹೂಳಿನ ಜೊತೆ ತಳದಲ್ಲೇ ನಿಲ್ಲುವ ನೀರು ಡೆಡ್. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ತುಂಬಿದರೆ ಒಟ್ಟು ಸುಮಾರು 123 ಟಿಎಂಸಿ. ಅದರಲ್ಲಿ ಹದಿನೇಳು, ಹದಿನೇಳೂವರೆ ಟಿಎಂಸಿ ಡೆಡ್.

ಈಗ ಬೇಸಿಗೆಯಲ್ಲಿ ಒಂದು ಸುದ್ದಿ ಬಂತು ಅಂತಿಟ್ಟುಕೊಳ್ಳಿ. ಆಲಮಟ್ಟಿಯಲ್ಲಿ ಇನ್ನೂ 25 ಟಿಎಂಸಿ ನೀರಿದೆ, ಆತಂಕ ಇಲ್ಲ. ಕೇಳಿದವರಿಗೆ ಸಮಾಧಾನ. ಆದರೆ ಡೆಡ್ ಸ್ಟೋರೇಜ್ ಕಳೆದರೆ ಕಾಲುವೆಗೆ ಉಳಿಯೋದು ಏಳೆಂಟು ಟಿಎಂಸಿ ಮಾತ್ರ. ಮೂರರಲ್ಲಿ ಒಂದು ಪಾಲು. ಮುದ್ದೇಬಿಹಾಳದ ರೈತ ಕೊನೇ ನೀರು ಬರುತ್ತೆ ಅಂತ ನಂಬಿಕೊಂಡು ಬೆಳೆ ಇಟ್ಟರೆ ಆತನ ಗತಿ ಏನು? ನಮ್ಮ ಸುದ್ದಿಯಲ್ಲಿ ಸುಳ್ಳು ಇರಲಿಲ್ಲ. ಇಪ್ಪತ್ತೈದು ಇತ್ತು, ಇಪ್ಪತ್ತೈದು ಅಂದೆವು. ಯಾವುದು ಬಳಕೆಗೆ ಬರುವ ನೀರು ಅನ್ನೋ ಒಂದು ಸಾಲು ಬಿಟ್ಟುಹೋಯಿತು. ಹಾಗಾಗಿ ಜಲಾಶಯದ ಸುದ್ದಿ ಕೇಳುವಾಗ ನೀವೇ ಕೇಳಿಕೊಳ್ಳಿ: ಇದು ಒಟ್ಟು ನೀರೋ, ಬಳಸಬಹುದಾದ ನೀರೋ?

ಐದನೇ ಅರ್ಥ, ಚಾಲ್ತಿ. "ಲೈವ್ ಇಶ್ಯೂ" ಅಂತೀವಿ. ಇನ್ನೂ ತೀರ್ಮಾನ ಆಗದ, ನಡೀತಾ ಇರುವ ವಿಷಯ.

2021ರ ಅಕ್ಟೋಬರ್ ನೆನಪಿಸಿಕೊಳ್ಳಿ. ಸಿಂದಗಿ ಉಪಚುನಾವಣೆ. ಅಲ್ಲಿನ ಶಾಸಕರು ತೀರಿಕೊಂಡಿದ್ದರಿಂದ ಬಂದ ಚುನಾವಣೆ. ಅಕ್ಟೋಬರ್ 30ಕ್ಕೆ ಮತದಾನ, ನವೆಂಬರ್ 2ಕ್ಕೆ ಎಣಿಕೆ. ಮೂರೂ ಪಕ್ಷದ ಘಟಾನುಘಟಿಗಳು ಅಲ್ಲೇ ಠಿಕಾಣಿ. ಚಾನೆಲ್‌ಗಳೂ ಅಲ್ಲೇ. ಚಹಾದಂಗಡಿಯಿಂದ ಲೈವ್, ಸಂತೆಯಿಂದ ಲೈವ್, ಎಪಿಎಂಸಿಯಿಂದ ಲೈವ್. ಜನ ಹೇಳಿದ್ದನ್ನೆಲ್ಲ ನಾವು ಕೇಳಿಸಿಕೊಂಡೆವು. ಕುಡಿಯುವ ನೀರು, ರಸ್ತೆ, ಗುಳೆ ಹೋಗೋದು. ಎಣಿಕೆ ಮುಗೀತು, ಫಲಿತಾಂಶ ಬಂತು. ಮರುದಿನ ಬೆಳಿಗ್ಗೆ ಚಹಾದಂಗಡಿ ಅಲ್ಲೇ ಇತ್ತು, ಜನ ಅಲ್ಲೇ ಇದ್ದರು, ಅವರು ಹೇಳಿದ ತಾಪತ್ರಯಗಳೂ ಅಲ್ಲೇ ಇದ್ದವು. ಇಶ್ಯೂ ಲೈವ್ ಇತ್ತು. ನಾವು ಇರಲಿಲ್ಲ.

ಆಲಮಟ್ಟಿಯ ಎತ್ತರವೂ ಹಾಗೇ. 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿತು. ಅಧಿಸೂಚನೆ ಆಗಿಲ್ಲ, ವ್ಯಾಜ್ಯ ಸುಪ್ರೀಂ ಕೋರ್ಟ್‌ನಲ್ಲಿದೆ. ಹೊಲ ಮುಳುಗುತ್ತೋ, ಉಳಿಯುತ್ತೋ ಗೊತ್ತಿಲ್ಲದೆ ಮನೆಗೆ ಸುಣ್ಣ ಹಚ್ಚಬೇಕೋ ಬೇಡವೋ ಅಂತ ಕೂತವರಿಗೆ ಇದು ದಿನಾ ಲೈವ್. ನಮಗೆ ಯಾರಾದರೂ ಮಂತ್ರಿ ಹೇಳಿಕೆ ಕೊಟ್ಟ ದಿನ ಮಾತ್ರ.

ಇನ್ನು ಆರನೇ ಅರ್ಥ. ಅದೇ ನಾಲ್ಕು ಅಕ್ಷರ, ಉಚ್ಚಾರ ಮಾತ್ರ ಬೇರೆ. ಲೈವ್ ಅಲ್ಲ, ಲಿವ್. ಬದುಕು.

ಕೃಷ್ಣೆಯ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಕುಟುಂಬಗಳು ಮುದ್ದೇಬಿಹಾಳ, ಬಾಗೇವಾಡಿ ಎರಡೂ ಕಡೆ ಇವೆ. ಒಂದು ಊರು ಮುಳುಗೋದು ಒಂದು ಗಂಟೆಯ ಕೆಲಸ ಅಲ್ಲ. ಮೊದಲು ನೋಟಿಸ್ ಬರುತ್ತೆ. ಆಮೇಲೆ ಅಳತೆ. ಆಮೇಲೆ ಪರಿಹಾರ, ಪರಿಹಾರದ ಮೇಲೆ ಕೋರ್ಟು. ಗುಡಿಯ ದೇವರನ್ನ ಎತ್ತಿ ಹೊಸ ಊರಿಗೆ ತರ್ತಾರೆ. ಬಾವಿ, ಹುಣಸೆಮರ, ಹಿರಿಯರ ಗೋರಿ ಅಲ್ಲೇ ಉಳೀತವೆ. ಇಪ್ಪತ್ತು ವರ್ಷದ ಮೇಲೂ ಹಕ್ಕುಪತ್ರಕ್ಕೆ ಅಲೆಯುವವರು ಇದ್ದಾರೆ. ಇದರಲ್ಲಿ ಯಾವ ನಿಮಿಷವನ್ನ ಲೈವ್ ತೋರಿಸ್ತೀರಿ? ಬದುಕು ಹೀಗೆ ನಿಧಾನಕ್ಕೆ ನಡೆಯುವ ಕಾರಣಕ್ಕೇ ನಮ್ಮ ಲೈವ್‌ಗೆ ಸಿಗೋದಿಲ್ಲ. ಬೆನ್ನಿನ ಚೀಲದಲ್ಲಿ ಎಷ್ಟು ಸಿಮ್ ಹಾಕಿದರೂ ಸಿಗೋದಿಲ್ಲ. ಅದಕ್ಕೆ ಆ ಊರಿನಲ್ಲೇ ಇರುವ ವರದಿಗಾರ ಬೇಕು.

ಆ ವರದಿಗಾರ ಇದ್ದಾನೆ. ತಾಲ್ಲೂಕಿಗೊಬ್ಬ, ಇಬ್ಬರು. ನಮ್ಮ ಭಾಷೆಯಲ್ಲಿ ಸ್ಟ್ರಿಂಗರ್. ಬಹಳ ಕಡೆ ಆತನಿಗೆ ಸಂಬಳ ಇಲ್ಲ, ಪ್ರಸಾರವಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಪೆಟ್ರೋಲ್ ಅವನದೇ, ಬೈಕ್ ಅವನದೇ. ಕೂಸು ಬಿದ್ದ ದಿನ ಇಪ್ಪತ್ತು ಗಂಟೆ ನಿದ್ದೆಗೆಟ್ಟು ನಿಲ್ಲುವವನು ಅವನೇ. ಮರುದಿನ "ಸರ್ರ, ಇನ್ನೂ ಎಷ್ಟೋ ಬೋರು ಬಾಯಿ ತೆರಕೊಂಡು ಹಂಗ ಅದಾವ್ರಿ, ಸ್ಟೋರಿ ಮಾಡ್ಲೇನ್ರಿ?" ಅಂತ ಕೇಳಿದರೆ ಡೆಸ್ಕಿನಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಈಗ ಅದು ಲೈವ್ ಇಲ್ಲ, ನೋಡೋಣ ಬಿಡಿ."

ಲೈವ್ ಇಲ್ಲವೇ? ಆ ಬೋರುಗಳು ಯಾಕೆ ಬಾಯಿ ತೆರೆದಿರ್ತವೆ ಅಂತ ನೋಡಿ. ಒಣಬೇಸಾಯದ ನೆಲ. ರೈತ ಸಾಲ ಮಾಡಿ ನೂರಾರು ಅಡಿ ಕೊರೆಸ್ತಾನೆ. ನೀರು ಬೀಳೋದಿಲ್ಲ. ಬೋರ್ ಫೇಲ್. ಕೇಸಿಂಗ್ ಪೈಪಿಗೆ ದುಡ್ಡು ಸುರಿದಿರ್ತಾನೆ, ಅದನ್ನ ಕಿತ್ತು ಇನ್ನೊಂದು ಬೋರಿಗೆ ಹಾಕೋಣ ಅಂತಾನೆ. ಪೈಪ್ ಕಿತ್ತ ಮೇಲೆ ಮೇಲಿನ ತೂತು ಇನ್ನೂ ಅಗಲ. ಅದರ ಮೇಲೆ ಒಂದು ಗೋಣಿಚೀಲ, ಒಂದು ಚಪ್ಪಡಿ ಕಲ್ಲು. ಮಳೆ ಬಂದರೆ ಮಣ್ಣು ಕುಸೀತದೆ, ಕಲ್ಲು ಸರಿದು ಹೋಗ್ತದೆ. ಸುತ್ತ ಬೆಳೆ ಬಂದರೆ ತೂತು ಕಾಣೋದೇ ಇಲ್ಲ. ಮಗುವಿನ ಹೆಗಲಿನಷ್ಟೇ ಅಗಲದ ತೂತು.

ಸುಪ್ರೀಂ ಕೋರ್ಟ್ 2010ರ ಫೆಬ್ರುವರಿ 11ರಂದು ಇದಕ್ಕೆ ಸ್ಪಷ್ಟ ಮಾರ್ಗಸೂಚಿ ಕೊಟ್ಟಿತು, ಅದೇ ವರ್ಷದ ಆಗಸ್ಟ್‌ನಲ್ಲಿ ತಿದ್ದಿ ಮತ್ತೆ ಹೇಳಿತು. ಕೊರೆಯುವ 15 ದಿನ ಮೊದಲೇ ಲಿಖಿತವಾಗಿ ತಿಳಿಸಬೇಕು. ಕೊರೆಯುವ ಏಜೆನ್ಸಿಯ ನೋಂದಣಿ ಆಗಿರಬೇಕು. ಜಾಗದಲ್ಲಿ ಫಲಕ, ಸುತ್ತ ಮುಳ್ಳುತಂತಿಯ ಬೇಲಿ. ಕೇಸಿಂಗ್ ಸುತ್ತ ಕಾಂಕ್ರೀಟ್ ಕಟ್ಟೆ. ಬಾಯಿಗೆ ಉಕ್ಕಿನ ತಟ್ಟೆ ವೆಲ್ಡ್ ಮಾಡಬೇಕು, ಇಲ್ಲವೇ ನಟ್ಟು ಬೋಲ್ಟು ಹಾಕಿ ಗಟ್ಟಿ ಮುಚ್ಚಳ. ಬಿಟ್ಟುಬಿಟ್ಟ ಬೋರನ್ನ ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕು. ರಾಜ್ಯದ ಅಂತರ್ಜಲ ಕಾಯ್ದೆ 2011ರಲ್ಲಿ ಬಂತು. ಲಚ್ಯಾಣದ ಘಟನೆ ನಡೆದ 2024ರಲ್ಲೇ ಅದಕ್ಕೆ ತಿದ್ದುಪಡಿ ತಂದು, ಫೇಲಾದ ಬೋರನ್ನ ಮುಚ್ಚದೆ ಬಿಟ್ಟರೆ ಜೈಲು, ದಂಡ ಎರಡೂ ಅಂತ ವಿಧಾನಸಭೆ ಮಸೂದೆ ಒಪ್ಪಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಇರಲಿ, ಬಾಗಿಲು ಹಾಕಿದ್ದು ಒಳ್ಳೆಯದೇ. ಈಗ ಕೇಳಬೇಕಾದದ್ದು, ಆ ನಿಯಮ ಹೊಲದಲ್ಲಿ ಜಾರಿ ಆಗ್ತಿದೆಯಾ? ಪಂಚಾಯಿತಿಯಲ್ಲಿ ಫೇಲಾದ ಬೋರುಗಳ ಪಟ್ಟಿ ಇದೆಯಾ? ಕೊರೆದ ಗಾಡಿಯವನು ಮುಚ್ಚಿದ್ದಕ್ಕೆ ಪತ್ರ ಯಾರು ಕೊಡ್ತಾರೆ? ಈ ಪ್ರಶ್ನೆಗಳೇ ಚಾಲ್ತಿಯಲ್ಲಿರುವ ಸುದ್ದಿ. ಇದಕ್ಕೆ ಓಬಿ ವ್ಯಾನ್ ಬೇಡ, ಒಂದು ಬೈಕ್ ಸಾಕು.

ನೋಡಿ ವೀಕ್ಷಕರೇ, ಇಂಗ್ಲಿಷಿನ ಒಂದು ಪದಕ್ಕೆ ನಮ್ಮ ಕನ್ನಡದಲ್ಲಿ ಆರು ಪದ ಇವೆ. ನೇರ. ಜೀವಂತ. ಚಾಲೂ. ಬಳಕೆಗೆ ಬರುವ. ಚಾಲ್ತಿ. ಬದುಕು. ಲೈವ್ ಪದವನ್ನ ಓಡಿಸಿಬಿಡಿ ಅಂತ ನಾನು ಹೇಳಲ್ಲ. ಅದು ಹೋಗೋದೂ ಇಲ್ಲ. ಆದರೆ ಲೈವ್ ಅಂದ ಕೂಡಲೇ ಆರರಲ್ಲಿ ಯಾವುದು ಅಂತ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಸುದ್ದಿ ಸ್ಪಷ್ಟ ಆಗುತ್ತೆ. "ಲಚ್ಯಾಣದಿಂದ ಲೈವ್" ಅಂದರೆ ನಮ್ಮ ಕೆಲಸ ಮುಗಿದ ಹಾಗೆ ಕಾಣುತ್ತೆ. "ಕೂಸು ಜೀವಂತವಾಗಿದೆ, ತೆರೆದ ಬೋರುಗಳ ವಿಷಯ ಚಾಲ್ತಿಯಲ್ಲಿದೆ" ಅಂದರೆ ನಾಳೆಯ ಕೆಲಸ ಕಣ್ಣಿಗೆ ಬೀಳುತ್ತೆ.

ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಅವರು, ಅವರ ಜೊತೆಯ ಶರಣರು ಆಡಿದ ಮಾತಿಗೆ ನಾವು ವಚನ ಅಂತೀವಿ. ವಚನ ಅಂದರೆ ಮಾತು. ವಚನ ಅಂದರೆ ಕೊಟ್ಟ ಮಾತು, ಭಾಷೆ ಅಂತಲೂ ಹೌದು. ಪರದೆಯ ಮೂಲೆಯ ಆ ಕೆಂಪು ಪಟ್ಟಿ ಕೂಡ ನಾವು ನಿಮಗೆ ಕೊಡುವ ವಚನ. ಇದು ಈಗ, ಇಲ್ಲಿ, ನಿಜವಾಗಿ ಆಗ್ತಿದೆ ಅಂತ. ಅದನ್ನ ಉಳಿಸಿಕೊಳ್ಳೋದು ನಮ್ಮ ಕರ್ತವ್ಯ. ಉಳಿಸಿಕೊಂಡಿದ್ದಾರಾ ಅಂತ ಕೇಳೋದು ನಿಮ್ಮ ಹಕ್ಕು. ದೃಶ್ಯ ಯಾವ ಹೊತ್ತಿನದು? ನೀರು ಯಾವ ಲೆಕ್ಕದ್ದು? ಹೋದ ತಿಂಗಳು ಲೈವ್ ತೋರಿಸಿದ ಊರಿನಲ್ಲಿ ಈಗ ಏನಾಗಿದೆ? ನಮಗೆ ಬರೆಯಿರಿ, ಫೋನ್ ಮಾಡಿ, ಬಿಡಬೇಡಿ.

ಕೊನೆಯದಾಗಿ ಒಂದು ಕೆಲಸ ಹೇಳ್ತೀನಿ. ನಿಮ್ಮ ಹೊಲದಲ್ಲೋ, ಪಕ್ಕದವರ ಹೊಲದಲ್ಲೋ ಮುಚ್ಚದ ಬೋರ್ ಇದ್ದರೆ ನಾಳೆ ಬೆಳಿಗ್ಗೆ ಹೋಗಿ ನೋಡಿ. ಗೋಣಿಚೀಲ ಹಾಕಿದ್ದರೆ ಅದನ್ನ ಮುಚ್ಚಿದ ಲೆಕ್ಕಕ್ಕೆ ಹಿಡೀಬೇಡಿ. ಕಲ್ಲು ಮಣ್ಣು ತುಂಬಿಸಿ, ಇಲ್ಲ ಕಬ್ಬಿಣದ ಮುಚ್ಚಳ ಹಾಕಿಸಿ. ಕೈಲಾಗದಿದ್ದರೆ ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಅವರೂ ಕೇಳದಿದ್ದರೆ ನಿಮ್ಮ ತಾಲ್ಲೂಕಿನ ವರದಿಗಾರನನ್ನ ಕರೆದು ತೋರಿಸಿ. ಆತ ಆ ಸುದ್ದಿ ಕಳಿಸಿದರೆ ಹಾಕಿಸೋ ಜವಾಬ್ದಾರಿ ನನ್ನದು.